ಎಷ್ಟು ಎಂಬಿಪಿಎಸ್ ಅಂತ ಕೇಳಿದ್ದು ಸಾಕು, ಎಷ್ಟು ಗಂಟೆ ಅಂತ ಕೇಳಿ (ಊರ ನೆಟ್, ಭಾಗ 4)

ಫೋಟೋ 1: ಗುಜರಿಗೆ ಹೊರಟ ಬ್ಯಾಟರಿ

ನಮ್ಮ ನರಿಕೊಂಬಿನ ಒಂದು ಗುಡ್ಡೆಯ ಮೇಲೆ, ಕಬ್ಬಿಣದ ಕಂಬದ ಬುಡದಲ್ಲಿ ಮೂರು ಮಳೆಗಾಲ ಕಳೆದ ಬ್ಯಾಟರಿ ಇದು. ಕಂಬದ ತುದಿಯಲ್ಲಿರುವ ಸಣ್ಣ ಡಿಶ್‌ನಿಂದಲೇ ನಮ್ಮ ಮನೆಗೆ, ಅಕ್ಕಪಕ್ಕದ ಮನೆಗಳಿಗೆಲ್ಲ ನೆಟ್ ಬರುದು.

ಕಳೆದ ಮಳೆಗಾಲದ ಒಂದು ರಾತ್ರಿ. ತಂಗಿಯ ಸಿಇಟಿ ಆಪ್ಷನ್ ಎಂಟ್ರಿಗೆ ಮರುದಿನ ಬೆಳಗ್ಗೆ ಕೊನೆ. ಗಾಳಿಮಳೆಗೆ ಕರೆಂಟ್ ಹೋಯ್ತು. ನಮ್ಮಲ್ಲಿ ಇನ್ವರ್ಟರ್ ಉಂಟು, ರೂಟರ್‌ನ ಲೈಟ್ ಉರೀತಾ ಇತ್ತು. ಆದರೆ ನೆಟ್ ಇಲ್ಲ! ಅಪ್ಪ ಆ ಮಳೆಯಲ್ಲೇ ತಂಗಿಯನ್ನು ಸ್ಕೂಟರ್‌ನಲ್ಲಿ ಕೂರಿಸಿ ಬಿ.ಸಿ. ರೋಡಿನ ನೆಂಟರ ಮನೆಗೆ ಕರ್ಕೊಂಡು ಹೋದರು. ನಾನು ಸಿಟ್ಟಲ್ಲಿ ನೆಟ್ ಅಣ್ಣನಿಗೆ ಉದ್ದದ ಮೆಸೇಜ್ ಹಾಕಿದೆ. ದುಡ್ಡು ತಗೊಳ್ಳಲಿಕ್ಕೆ ಮಾತ್ರ ಗೊತ್ತಾ ಅಂತೆಲ್ಲ.

ಅರ್ಧ ಗಂಟೆ ಕಳೆದು ವಾಯ್ಸ್ ಮೆಸೇಜ್ ಬಂತು. ಹಿಂದೆ ಬರೀ ಮಳೆಯ ಶಬ್ದ. "ತಮ್ಮಾ, ಮನೆಯ ಇನ್ವರ್ಟರ್‌ದೇ ಬ್ಯಾಟರಿ ಬಿಚ್ಚಿ ಹೊತ್ಕೊಂಡು ಗುಡ್ಡೆ ಹತ್ತುತ್ತಾ ಇದ್ದೇನೆ. ಹತ್ತು ನಿಮಿಷ ಕೊಡು."

ನಾನು ಹಾಕಿದ ಮೆಸೇಜನ್ನು ಡಿಲೀಟ್ ಮಾಡಿದೆ. ಆದರೆ ಅವರು ಅದನ್ನು ಓದಿ ಆಗಿತ್ತು.

ಫೋಟೋ 2: ಲೆಕ್ಕ

ಆಮೇಲೆ ಅಣ್ಣನ ಹತ್ತಿರವೇ ಕೂತು ಲೆಕ್ಕ ಹಾಕಿದೆ. ಗುಡ್ಡೆಯ ಮೇಲಿನ ರೇಡಿಯೋ, ಸ್ವಿಚ್ ಎಲ್ಲ ಸೇರಿ ಸುಮಾರು 30 ವ್ಯಾಟ್. ಒಂದು ಎಲ್‌ಇಡಿ ಟ್ಯೂಬ್‌ಲೈಟ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. 12 ವೋಲ್ಟ್, 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿಯಲ್ಲಿ 1800 ವ್ಯಾಟ್ ಅವರ್ ಇರ್ತದೆ. ಪೂರ್ತಿ ಖಾಲಿ ಮಾಡಿದರೆ ಅದು ಬೇಗ ಸಾಯ್ತದೆ, ಹಾಗಾಗಿ ಅರ್ಧ ಹಿಡಿಯಿರಿ: 900. ಕಾಗದದಲ್ಲಿ 30 ಗಂಟೆ ಬರಬೇಕು.

ಆದರೆ ಬರುದಿಲ್ಲ. ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ 15-20 ವ್ಯಾಟ್ ಅದೇ ತಿಂತದೆ. ಅಲ್ಲಿಗೆ 30 ಗಂಟೆ ಇದ್ದದ್ದು 18ಕ್ಕೆ ಇಳೀತು. ಬ್ಯಾಟರಿ ಹಳತಾದರೆ ಅದರಲ್ಲೂ ಅರ್ಧ. ನಮ್ಮ ಮಳೆಗಾಲದಲ್ಲಿ ಕರೆಂಟ್ ಒಂದು ಗಂಟೆ ಬಂದು ಪುನಃ ಹೋಗ್ತದಲ್ಲ, ಬ್ಯಾಟರಿಗೆ ಅದೇ ದೊಡ್ಡ ಪೆಟ್ಟು. ಲೆಡ್ ಆಸಿಡ್ ಬ್ಯಾಟರಿ ಫುಲ್ ಚಾರ್ಜ್ ಆಗ್ಲಿಕ್ಕೆ ಎಂಟ್ಹತ್ತು ಗಂಟೆ ಬೇಕು. ಅರೆಹೊಟ್ಟೆಯಲ್ಲೇ ಇದ್ದು ಇದ್ದು ಒಳಗಿನ ಪ್ಲೇಟ್ ಹಾಳಾಗ್ತದೆ. ಸೋಲಾರ್ ಹಾಕುವ ಅಂದರೆ ಜುಲೈಯಲ್ಲಿ ಬಿಸಿಲು ಎಲ್ಲುಂಟು ಮಾರಾಯ್ರೆ?

ಫೋಟೋ 3: ಸಿಡಿಲಿಗೆ ಸುಟ್ಟ ಪೋರ್ಟ್

ಗುಡುಗು ಶುರುವಾದ ಕೂಡ್ಲೇ ನಮ್ಮ ಅಮ್ಮಂದಿರು ಹೇಳುದು ಎಂತ? "ಟಿವಿ ಪಿನ್ ತೆಗಿ, ವೈಫೈ ಪಿನ್ ತೆಗಿ." ಮನೆಯಲ್ಲಾದರೆ ತೆಗೀಬಹುದು. ಗುಡ್ಡೆಯ ಮೇಲೆ ಯಾರು ತೆಗೀಬೇಕು? ಕಂಬದ ತುದಿಯಿಂದ ಕೆಳಗಿನ ಪೆಟ್ಟಿಗೆಗೆ ಬರುವ ತಾಮ್ರದ ಕೇಬಲ್‌ನಲ್ಲೇ ಕರೆಂಟೂ ನೆಟ್ಟೂ ಒಟ್ಟಿಗೆ ಹೋಗುದು. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೂ ಸಾಕು, ಮೇಲಿನ ರೇಡಿಯೋ, ಕೆಳಗಿನ ಸ್ವಿಚ್ ಎರಡೂ ಸುಡಬಹುದು. ಒಳ್ಳೆ ಅರ್ಥಿಂಗ್ ಬೇಕು. ಆದರೆ ನಮ್ಮ ಮುರಕಲ್ಲಿನ ಗುಡ್ಡೆಯಲ್ಲಿ ಅರ್ಥಿಂಗ್ ಸರಿ ಸಿಗುದೇ ಕಷ್ಟ, ಬೇಸಿಗೆಯಲ್ಲಂತೂ ಕೇಳುದೇ ಬೇಡ.

ಫೋಟೋ 4: ಇದು ರೀಲ್ಸ್‌ನ ಪ್ರಶ್ನೆ ಮಾತ್ರ ಅಲ್ಲ

2021ರ ಜೂನ್ ನೆನಪುಂಟಾ? ಸುಳ್ಯ ತಾಲೂಕಿನ ಬಳ್ಳಕದಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಕ್ಲಾಸ್ ಕೇಳುವ ಮಗಳಿಗೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಅಪ್ಪನ ಫೋಟೋವನ್ನು ದೇಶವೇ ನೋಡಿತು. ಎಲ್ಲರೂ ಶೇರ್ ಮಾಡಿದೆವು, ಮರೆತೆವು.

ನಮ್ಮೂರು ನೇತ್ರಾವತಿಯ ಬದಿಯಲ್ಲಿ ಉಂಟು. 1974ರ ನೆರೆಯ ಕಥೆ ಅಜ್ಜಂದಿರ ಬಾಯಲ್ಲಿ ಕೇಳಿದ್ದೇವೆ, 2019ರ ಆಗಸ್ಟಿನದ್ದು ಕಣ್ಣಾರೆ ನೋಡಿದ್ದೇವೆ. ಬಂಟ್ವಾಳದಲ್ಲಿ ನದಿಯ ಅಪಾಯದ ಮಟ್ಟ 8.5 ಮೀಟರ್. ನೀರು ಅಲ್ಲಿಗೆ ಎಷ್ಟು ಹತ್ತಿರ ಬಂತು ಅಂತ ನಾವೀಗ ನೋಡುದು ವಾಟ್ಸಾಪ್‌ನಲ್ಲಿ. ನೀರು ಏರುವಾಗಲೇ ಕರೆಂಟ್ ಹೋಗುದು, ಕರೆಂಟ್ ಹೋದ ಮೇಲೆ ನೆಟ್. ಅಂದರೆ ಅತಿ ಹೆಚ್ಚು ಬೇಕಾದ ಹೊತ್ತಿಗೇ ಇಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿನ ಅಪಾಯ ಜಾಸ್ತಿ ಇರುವ ಜಾಗಗಳ ಮೊಬೈಲ್ ಜಾಲಕ್ಕೆ 72 ಗಂಟೆಯ ಬ್ಯಾಕಪ್ ಇರಲೇಬೇಕು ಅಂತ 2020ರಲ್ಲಿ ಆದೇಶ ಮಾಡಿದರು. ಅಲ್ಲಿ ಬೆಂಕಿ, ಇಲ್ಲಿ ನೀರು. ದೊಡ್ಡ ಕಂಪನಿಗೆ ಹಾಗೆ ಆದೇಶ ಮಾಡಬಹುದು. ಒಬ್ಬನೇ ಏಣಿ ಹೊತ್ತು ತಿರುಗುವ ನಮ್ಮ ಅಣ್ಣನಿಗೆ ಬರೀ ಆದೇಶ ಕೊಟ್ಟರೆ ಅವರು ಅಂಗಡಿ ಮುಚ್ಚಬೇಕಷ್ಟೇ.

ಫೋಟೋ 5: ಹಾಗಾದ್ರೆ ಎಂತ ಮಾಡುದು?

"ನಾವು ದುಡ್ಡು ಕೊಡ್ತೇವಲ್ಲ, ಬ್ಯಾಟರಿ ಅವರೇ ಹಾಕ್ಲಿ" ಅಂತ ನೀವು ಹೇಳಬಹುದು. ನಾನೂ ಹಾಗೇ ಹೇಳ್ತಿದ್ದೆ. ಆದರೆ ಕನೆಕ್ಷನ್ ತಗೊಳ್ಳುವಾಗ ನಾವು ಕೇಳುದು ಎರಡೇ: ಎಷ್ಟು ಸ್ಪೀಡ್, ಎಷ್ಟು ಕಡಿಮೆ ರೇಟ್. ಕರೆಂಟ್ ಹೋದ ಮೇಲೆ ಎಷ್ಟು ಗಂಟೆ ಬರ್ತದೆ ಅಂತ ಯಾರೂ ಕೇಳುದಿಲ್ಲ. ಯಾರೂ ಕೇಳದ ವಸ್ತುವಿಗೆ ಯಾರು ದುಡ್ಡು ಹಾಕ್ತಾರೆ?

ಒಂದು ಕಂಬದಿಂದ 60 ಮನೆಗೆ ನೆಟ್ ಹೋಗ್ತದೆ ಅಂತ ಇಟ್ಕೊಳ್ಳಿ. ಮನೆಗೆ ತಿಂಗಳಿಗೆ 30 ರೂಪಾಯಿ ಜಾಸ್ತಿ ಕೊಟ್ಟರೆ ವರ್ಷಕ್ಕೆ 21,600 ಆಗ್ತದೆ. ಒಂದು ಒಳ್ಳೆ ಟ್ಯೂಬುಲರ್ ಬ್ಯಾಟರಿ ಅದರಲ್ಲೇ ಬಂತು. ಎರಡು ವರ್ಷದ್ದು ಸೇರಿಸಿದರೆ ಬೇಗ ಚಾರ್ಜ್ ಆಗುವ, ಜಾಸ್ತಿ ಬಾಳಿಕೆಯ ಲಿಥಿಯಂ ಬಗ್ಗೆ ಯೋಚಿಸಬಹುದು. ಆದರೆ ಧರ್ಮಕ್ಕೆ ಕೊಡುದಲ್ಲ: ಅಣ್ಣನೂ ಲೆಕ್ಕ ತೋರಿಸಬೇಕು, "ಇಷ್ಟು ಗಂಟೆ ಗ್ಯಾರಂಟಿ" ಅಂತ ಬಿಲ್ಲಿನಲ್ಲೇ ಬರೀಬೇಕು, ತಪ್ಪಿದರೆ ಬಿಲ್ ಕಡಿಮೆ ಮಾಡಬೇಕು. ಪಂಚಾಯತ್‌ನವರು ಇನ್ವರ್ಟರ್ ಇರುವ ತಮ್ಮ ಕಟ್ಟಡದ ಮೇಲೆ ಒಂದು ಡಿಶ್‌ಗೆ ಜಾಗ ಕೊಟ್ಟರೆ ಇನ್ನೂ ಒಳ್ಳೇದು.

ಇನ್ನೊಂದು ನಮ್ಮ ಕೆಲಸ. ಗುಡ್ಡೆ ಮೇಲೆ ಎಷ್ಟು ದೊಡ್ಡ ಬ್ಯಾಟರಿ ಇದ್ದರೂ ಮನೆಯ ರೂಟರ್ ಸತ್ತರೆ ನೆಟ್ ಇಲ್ಲ. ಇನ್ವರ್ಟರ್ ಇಲ್ಲದವರು ರೂಟರ್‌ಗೆ ಅಂತಲೇ ಸಿಗುವ ಸಣ್ಣ ಯುಪಿಎಸ್ ಹಾಕಿ, ಎರಡು ಮೂರು ಗಂಟೆ ಬರ್ತದೆ.

ತಂಗಿಗೆ ಸೀಟು ಸಿಕ್ಕಿತು, ದೇವರ ದಯೆ. ಅಣ್ಣನಿಗೆ ಸಾರಿ ಹೇಳಿದೆ, ಅವರು ನಕ್ಕರು. ಆದರೆ ಮುಂದಿನ ಮಳೆಗಾಲಕ್ಕೂ ಅವರೇ ಬ್ಯಾಟರಿ ಹೊತ್ಕೊಂಡು ಗುಡ್ಡೆ ಹತ್ತುವ ಹಾಗಾದರೆ ಆ ಸಾರಿಗೆ ಅರ್ಥ ಇಲ್ಲ.

ನಿಮ್ಮೂರಲ್ಲಿ ಕರೆಂಟ್ ಹೋದ ಮೇಲೆ ನೆಟ್ ಎಷ್ಟು ಹೊತ್ತು ಇರ್ತದೆ? ಊರ ಹೆಸರು, ಗಂಟೆ, ಎರಡೇ ಕಾಮೆಂಟ್ ಮಾಡಿ. ಮುಂದಿನ ಭಾಗದಲ್ಲಿ ಪಟ್ಟಿ ಹಾಕ್ತೇನೆ.

#ನರಿಕೊಂಬು #ಬಂಟ್ವಾಳ #ಊರನೆಟ್ #ಎಷ್ಟುಗಂಟೆ