ಗೆದ್ದಲಿನ ದಾರಿ ಕಡಿಯಿರಿ

ಅಟ್ಟದ ಮೇಲಿಟ್ಟ ಹಳೆಯ ಪುಸ್ತಕಗಳ ಕಟ್ಟನ್ನು ಶಾಲೆ ತೆರೆಯುವ ಹೊತ್ತಿಗೆ ಕೆಳಗಿಳಿಸುತ್ತೀರಿ. ಮೇಲಿನ ರಟ್ಟು ಹಾಗೆಯೇ ಇದೆ, ಒಳಗೆ ಬರೀ ಮಣ್ಣು! ಅಕ್ಕನ ಪುಸ್ತಕ ತಮ್ಮನಿಗಾಗಲಿ ಎಂದಿಟ್ಟದ್ದು ಗೆದ್ದಲಿನ ಪಾಲಾಗಿದೆ. ಅದೇ ಕಟ್ಟಿನಲ್ಲಿ ಅಂಕಪಟ್ಟಿಯೋ ಜಮೀನಿನ ಕ್ರಯಪತ್ರವೋ ಇದ್ದರಂತೂ ಕಚೇರಿಯಿಂದ ಕಚೇರಿಗೆ ಅಲೆದಾಟ ತಪ್ಪದು.

ಆಗ ನಾವು ಮಾಡುವುದೇನು? ಗೋಡೆಯ ಮೇಲಿನ ಮಣ್ಣನ್ನು ಪೊರಕೆಯಿಂದ ಗುಡಿಸಿ, ಕಂಡ ಹುಳುಗಳ ಮೇಲೆ ಸೀಮೆಎಣ್ಣೆ ಸುರಿಯುತ್ತೇವೆ. ಕೆಲವು ದಿನಗಳಲ್ಲಿ ಮತ್ತೆ ಅದೇ ಕಥೆ. ಏಕೆ ಹೀಗೆ?

ಗೆದ್ದಲನ್ನು 'ಬಿಳಿ ಇರುವೆ' ಎನ್ನುವುದುಂಟು. ನಿಜವಾಗಿ ಅದು ಇರುವೆಯಲ್ಲ, ಜಿರಲೆಯ ಹತ್ತಿರದ ಸಂಬಂಧಿ. ನಮ್ಮ ಮನೆಗಳನ್ನು ಕಾಡುವ ಗೆದ್ದಲಿನ ಗೂಡು ಹೆಚ್ಚಾಗಿ ನೆಲದೊಳಗಿರುತ್ತದೆ. ಅಲ್ಲಿರುವ ರಾಣಿ ದಿನಕ್ಕೆ ಸಾವಿರಾರು ಮೊಟ್ಟೆ ಇಡಬಲ್ಲಳು. ನಿಮ್ಮ ಬಾಗಿಲ ಚೌಕಟ್ಟಿನಲ್ಲಿ ಕಾಣುವವು ಮೇವಿಗೆ ಬಂದ ಕೆಲಸಗಾರ ಹುಳುಗಳು ಮಾತ್ರ. ಅವು ನೂರು ಸತ್ತರೂ ಗೂಡಿಗೆ ನಷ್ಟವಿಲ್ಲ.

ಮರ, ಕಾಗದ, ಹತ್ತಿಬಟ್ಟೆ, ಪ್ಲೈವುಡ್ ಎಲ್ಲದರಲ್ಲೂ ಇರುವುದು ಸೆಲ್ಯುಲೋಸ್. ಇದು ನಮಗೆ ಜೀರ್ಣವಾಗದು. ಕೆಲವು ಜಾತಿಯ ಗೆದ್ದಲಿಗೆ ಕರುಳಿನ ಸೂಕ್ಷ್ಮಜೀವಿಗಳು, ಹುತ್ತ ಕಟ್ಟುವ ಕೆಲವು ಜಾತಿಗಳಿಗೆ ಗೂಡಿನಲ್ಲೇ ಬೆಳೆಸುವ ಶಿಲೀಂಧ್ರ ಇದನ್ನು ಅರಗಿಸಿಕೊಡುತ್ತವೆ.

ಇಷ್ಟೆಲ್ಲ ಇದ್ದರೂ ಗೆದ್ದಲಿಗೆ ಒಂದು ದೊಡ್ಡ ದೌರ್ಬಲ್ಯವಿದೆ. ಕೆಲಸಗಾರ ಹುಳುವಿನ ಮೈ ಮೆತ್ತಗೆ, ಹೊರಚರ್ಮ ತೆಳು. ಒಣಗಾಳಿಗೆ ಸಿಕ್ಕರೆ ಬೇಗ ಒಣಗಿ ಸಾಯುತ್ತದೆ. ಆದ್ದರಿಂದಲೇ ಮಣ್ಣಿಗೆ ಜೊಲ್ಲು, ಮಲ ಬೆರೆಸಿ ಕೊಳವೆ ಕಟ್ಟಿಕೊಂಡು ಅದರೊಳಗೆ ಓಡಾಡುತ್ತದೆ. ಗೋಡೆಯ ಮೇಲಿನ ಮಣ್ಣಿನ ಗೆರೆಯೆಂದರೆ ತೇವ ಆರದಂತೆ ಮುಚ್ಚಿದ ರಸ್ತೆ. ನೆಲದ ತೇವಕ್ಕೂ ಮನೆಯ ಮರಕ್ಕೂ ನಡುವಿನ ಈ ದಾರಿಯನ್ನು ಕಡಿಯುವುದೇ ಉಪಾಯ.

ವಿದ್ಯಾರ್ಥಿಗಳೇ, ಒಂದು ಪ್ರಯೋಗ ಮಾಡಿ. ಕೊಳವೆಯನ್ನು ಒಂದು ಅಂಗುಲದಷ್ಟು ಒಡೆದು, ಪಕ್ಕದಲ್ಲಿ ಪೆನ್ಸಿಲಿನಿಂದ ದಿನಾಂಕ ಬರೆಯಿರಿ. ಕೆಲವು ದಿನಗಳಲ್ಲಿ ಅದು ಮತ್ತೆ ಮುಚ್ಚಿಕೊಂಡರೆ ಗೆದ್ದಲಿನ ಓಡಾಟ ನಡೆದಿದೆ ಎಂದರ್ಥ. ಮುಚ್ಚದಿದ್ದರೂ ನಿಶ್ಚಿಂತರಾಗಬೇಡಿ, ಬೇರೆ ದಾರಿ ಹಿಡಿದಿರಬಹುದು. ಕೊಳವೆ ಎಲ್ಲಿಂದ ಹೊರಟಿದೆಯೆಂದು ಕೆಳಗಿನವರೆಗೂ ಹುಡುಕಿ.

ಇನ್ನು ಪೋಷಕರ ಕೆಲಸ. ಗೋಡೆಗೆ ಒರಗಿಸಿದ ಸೌದೆ, ಹಳೆಯ ಹಲಗೆ, ರಟ್ಟಿನ ಪೆಟ್ಟಿಗೆಗಳನ್ನು ತೆಗೆಸಿ. ಸೋರುವ ನಲ್ಲಿ, ಬಚ್ಚಲಿನ ಒದ್ದೆ ಗೋಡೆಯನ್ನು ಸರಿಪಡಿಸಿ. ನೆಲ ಗೋಡೆ ಸೇರುವಲ್ಲಿನ ಬಿರುಕುಗಳಿಗೆ ಸಿಮೆಂಟು ತುಂಬಿಸಿ. ಕಪಾಟು ಗೋಡೆಯಿಂದ ನಾಲ್ಕು ಬೆರಳು ದೂರವಿರಲಿ. ಪತ್ರಗಳ ಟ್ರಂಕನ್ನು ಕಲ್ಲಿನ ಮೇಲಿಡಿ. ಕಲ್ಲಿನ ಮೇಲೂ ಗೆದ್ದಲು ಕೊಳವೆ ಕಟ್ಟೀತು, ಆದರೆ ಅದು ಕಣ್ಣಿಗೆ ಬೀಳುತ್ತದೆ.

ಹೊಸ ಮನೆ ಕಟ್ಟುವವರು ನೆಲ ಹಾಸುವ ಮೊದಲೇ ತಳಪಾಯದ ಮಣ್ಣಿಗೆ ಗೆದ್ದಲುನಿರೋಧಕ ಹಾಕಿಸುವುದು ಲೇಸು. ಭಾರತೀಯ ಮಾನಕ ಬ್ಯೂರೋದ ಐ.ಎಸ್. 6313 ಇದರ ಕ್ರಮವನ್ನು ವಿವರಿಸುತ್ತದೆ. ನೆಲ ಹಾಸಿದ ಮೇಲಾದರೆ ಅಲ್ಲಲ್ಲಿ ತೂತು ಕೊರೆದು ಔಷಧ ಇಳಿಸಬೇಕಾಗುತ್ತದೆ.

ಔಷಧವೆಂದರೂ ಅದು ವಿಷವೇ. ಹಿಂದೆ ಧಾರಾಳವಾಗಿ ಬಳಸುತ್ತಿದ್ದ ಆಲ್ಡ್ರಿನ್ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿದು, ಆಹಾರ ಸರಪಳಿಯನ್ನು ಸೇರುತ್ತಿತ್ತು. ಭಾರತದಲ್ಲಿ ಅದನ್ನು 1996ರಲ್ಲಿ ನಿಷೇಧಿಸಲಾಯಿತು. 2001ರ ಸ್ಟಾಕ್‌ಹೋಮ್ ಒಪ್ಪಂದದ ಮೊದಲ 12 ವಿಷಗಳ ಪಟ್ಟಿಯಲ್ಲೂ ಅದರ ಹೆಸರಿದೆ. ಆದ್ದರಿಂದ ಸಿಂಪಡಿಸಲು ಬಂದವರನ್ನು ಔಷಧದ ಹೆಸರು ಕೇಳಿ, ಡಬ್ಬಿಯ ಚೀಟಿ ಓದಿ. ಬಾವಿಯ ಬಳಿ ಹಾಕಿಸಬೇಡಿ. ಆ ವೇಳೆ ಮಕ್ಕಳನ್ನು ದೂರವಿಡಿ.

ಹಾಗೆಂದು ಹೊಲದ ಬದುವಿನ ಹುತ್ತವನ್ನು ಕೆಡವಲು ಹೊರಡಬೇಕಿಲ್ಲ. ಬಿದ್ದ ಮರ, ತರಗೆಲೆಗಳನ್ನು ಮತ್ತೆ ಮಣ್ಣಾಗಿಸುವ ಕೆಲಸಗಾರ ಅದು. ಮನೆಯೊಳಗೆ ಮಾತ್ರ ಅದಕ್ಕೆ ದಾರಿ ಬೇಡ. ಈ ಭಾನುವಾರ ಮಕ್ಕಳೂ ಹಿರಿಯರೂ ಸೇರಿ ಟಾರ್ಚ್ ಹಿಡಿದು, ಕಪಾಟಿನ ಹಿಂಬದಿಯನ್ನೊಮ್ಮೆ ನೋಡಿಬಿಡಿ.