ಬೆಲೆ ಕೊಟ್ಟು ಕೊಳ್ಳುವ ದಯೆ

ಒಂದು ಜೀವವನ್ನು ಹಣ ಕೊಟ್ಟು ಬಿಡಿಸಿಕೊಂಡರೆ ಅದು ದಯೆಯೇ, ಅಲ್ಲವೇ? ಈ ಪ್ರಶ್ನೆಗೆ ಶ್ರಾವಕರಲ್ಲಿ ಹೆಚ್ಚಿನವರು ಕ್ಷಣವೂ ಯೋಚಿಸದೆ ಹೌದೆನ್ನುತ್ತಾರೆ. ಪರ್ವದಿನಗಳಲ್ಲಿ ಪಂಜರದ ಹಕ್ಕಿಗಳನ್ನು ಕೊಂಡು ಹಾರಬಿಡುವುದು, ಕಟುಕನಿಗೆ ಕ್ರಯ ತೆತ್ತು ಕುರಿಯನ್ನು ಬಿಡಿಸುವುದು, ಆ ವೆಚ್ಚವನ್ನು ಜೀವದಯಾ ನಿಧಿಯ ಬಾಬಿಗೆ ಹಾಕುವುದು, ಇವೆಲ್ಲ ಪುಣ್ಯಕಾರ್ಯಗಳೆಂದೇ ಎಣಿಸಲ್ಪಟ್ಟಿವೆ. ಈ ನಂಬಿಕೆ ಎಷ್ಟು ಪ್ರಾಮಾಣಿಕವೋ ಅಷ್ಟೇ ಅಪಾಯಕಾರಿ ಎಂಬುದಕ್ಕೆ ಆಫ್ರಿಕದ ಚಿಂಪಾಂಜಿಗಳ ವೃತ್ತಾಂತಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ದೊರೆಯಲಾರದು. ಅದು ದೂರದ ಕಾಡಿನ ಸಂಗತಿಯೆಂದು ಪುಟ ತಿರುವುವವರು ಸ್ವಲ್ಪ ತಾಳಬೇಕು. ಅದರ ಒಂದು ಎಳೆ ಕೋಲ್ಕತಕ್ಕೂ ಇನ್ನೊಂದು ಎಳೆ ಪ್ರತಿಯೊಂದು ಮನೆಯ ತೊಟ್ಟಿಲಿಗೂ ಬಂದು ಮುಟ್ಟುತ್ತದೆ.

1988ರಲ್ಲಿ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶದಲ್ಲಿ ಲೆಕ್ಕಪತ್ರದ ವೃತ್ತಿಯಲ್ಲಿದ್ದ, ಶ್ರೀಲಂಕಾ ಮೂಲದ ಬಾಲ ಅಮರಶೇಖರನ್ ಎಂಬವರು ಪತ್ನಿ ಶರ್ಮಿಳಾ ಅವರೊಡನೆ ಪ್ರಯಾಣ ಮಾಡುತ್ತಿದ್ದಾಗ, ಹಳ್ಳಿಯೊಂದರಲ್ಲಿ ಮಾರಾಟಕ್ಕಿಟ್ಟಿದ್ದ ಒಂದು ಚಿಂಪಾಂಜಿ ಮರಿಯನ್ನು ಕಂಡರು. ಅದು ಬಡಕಲಾಗಿ, ನಿತ್ರಾಣವಾಗಿತ್ತು. ದಂಪತಿಗಳಿಗೆ ಕನಿಕರ ಹುಟ್ಟಿತು. 20 ಡಾಲರು ಕೊಟ್ಟು ಕೊಂಡು, ಮನೆಗೆ ತಂದು, ಬ್ರೂನೋ ಎಂದು ಹೆಸರಿಟ್ಟು ಸಾಕಿದರು. ಮರಿ ಬದುಕಿತು. ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಯಾವ ಪ್ರವಚನದಲ್ಲಿಯೂ ದೃಷ್ಟಾಂತವಾಗಿ ಹೇಳಬಹುದು.

ಆದರೆ ಆ ಮರಿ ಹಳ್ಳಿಗೆ ಬಂದ ಬಗೆ ಹೇಗೆ? ಚಿಂಪಾಂಜಿಯ ಮರಿ ಹುಟ್ಟಿದಂದಿನಿಂದ ತಾಯಿಯ ಮೈಗೆ ಅಂಟಿಕೊಂಡೇ ಇರುತ್ತದೆ. ನಾಲ್ಕೈದು ವರ್ಷ ಮೊಲೆಯುಣ್ಣುತ್ತದೆ. ತಾಯಿಯನ್ನು ಕೊಲ್ಲದೆ ಮರಿಯನ್ನು ಕಿತ್ತುಕೊಳ್ಳುವುದು ಸಾಧ್ಯವಿಲ್ಲ. ಅನೇಕ ವೇಳೆ ತಾಯಿಯ ನೆರವಿಗೆ ಬಂದ ಗುಂಪಿನ ಇತರ ಚಿಂಪಾಂಜಿಗಳೂ ಗುಂಡಿಗೆ ಬಲಿಯಾಗುತ್ತವೆ. ಸತ್ತವುಗಳ ಮಾಂಸ ಒಂದು ಸಂತೆಗೆ, ಜೀವಂತ ಮರಿ ಇನ್ನೊಂದು ಸಂತೆಗೆ. ಮಾರಾಟಕ್ಕೆ ಬರುವ ಒಂದು ಮರಿಯ ಹಿಂದೆ ಹತ್ತರವರೆಗೆ ಸಾವುಗಳಿರಬಹುದೆಂದು ಸಂರಕ್ಷಣಾ ಕ್ಷೇತ್ರದವರ ಅಂದಾಜು. 2005ರಿಂದ 2011ರವರೆಗಿನ ಅವಧಿಯಲ್ಲಿ ಈ ವ್ಯಾಪಾರದಿಂದ ಕಾಡು ಕಳೆದುಕೊಂಡ ಮಹಾವಾನರಗಳು ಕನಿಷ್ಠ 22,218 ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2013ರಲ್ಲಿ ಪ್ರಕಟಿಸಿದ ವರದಿ ಹೇಳಿತು. ಅವುಗಳಲ್ಲಿ ಶೇಕಡಾ 64ರಷ್ಟು ಚಿಂಪಾಂಜಿಗಳು.

ಬೇಟೆಗಾರನಿಗೆ ಕೊಳ್ಳುವವನ ಮನಸ್ಸಿನ ಭಾವ ತಿಳಿಯದು. ತಿಳಿಯುವುದು ಬೆಲೆ ಮಾತ್ರ. ಸರ್ಕಸ್ಸಿನವನು ಕೊಟ್ಟ ಹಣಕ್ಕೂ ದಯಾಳು ಕೊಟ್ಟ ಹಣಕ್ಕೂ ಅವನ ಕೈಯಲ್ಲಿ ಭೇದವಿಲ್ಲ. ಎರಡರಿಂದಲೂ ಅವನು ತರುವುದು ಮುಂದಿನ ಬೇಟೆಗೆ ಮದ್ದುಗುಂಡು. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಗಳನ್ನು ಬಾಯಿಪಾಠ ಹೇಳುವ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕೆ? ಭಾವ ಶುದ್ಧವಾಗಿದ್ದರೆ ದೋಷ ತಟ್ಟದೆಂದು ಇಲ್ಲಿ ಕೆಲವರು ವಾದಿಸುವುದುಂಟು. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಮಾದವನ್ನೇ ಮುಂದಿಟ್ಟರೆಂಬುದನ್ನು ಅವರು ಮರೆಯುತ್ತಾರೆ. ತಾನು ಕೊಟ್ಟ ಹಣ ಎಲ್ಲಿ ಹೋಗಿ ಏನು ಮಾಡೀತೆಂದು ತಿಳಿಯಲು ದಾರಿಯಿದ್ದೂ ತಿಳಿಯದೆ ಇರುವುದು ಪ್ರಮಾದವಲ್ಲದೆ ಮತ್ತೇನು?

ಅಮರಶೇಖರನ್ ಅವರು ಒಂದು ಮರಿಯನ್ನು ಸಾಕಿದ ಮಾತ್ರಕ್ಕೆ ತೃಪ್ತರಾಗಲಿಲ್ಲ. 1995ರಲ್ಲಿ ರಾಜಧಾನಿ ಫ್ರೀಟೌನಿನ ಸಮೀಪದ ಕಾಡಿನಲ್ಲಿ ಟಾಕುಗಾಮಾ ಎಂಬ ಆಶ್ರಯಧಾಮವನ್ನು ಸ್ಥಾಪಿಸಿದರು. ಅಂತರ್ಯುದ್ಧದ ದಿನಗಳಲ್ಲಿಯೂ ಅದನ್ನು ಮುಚ್ಚಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಒಂದು ಮರಿಯ ಖರೀದಿಯಿಂದ ಆರಂಭವಾದ ಈ ಧಾಮ ಇಂದು ಹಣ ಕೊಟ್ಟು ಯಾವ ಮರಿಯನ್ನೂ ಕೊಳ್ಳುವುದಿಲ್ಲ. 2000ದಲ್ಲಿ ರೂಪುಗೊಂಡ ಆಫ್ರಿಕದ ಆಶ್ರಯಧಾಮಗಳ ಒಕ್ಕೂಟದ ನಿಯಮವೂ ಇದೇ. ಸರ್ಕಾರ ಮುಟ್ಟುಗೋಲು ಹಾಕಿ ಒಪ್ಪಿಸಿದ ಅಥವಾ ಇಟ್ಟುಕೊಂಡವರು ತಾವಾಗಿ ತಂದೊಪ್ಪಿಸಿದ ಪ್ರಾಣಿಗಳನ್ನು ಮಾತ್ರ ಅವು ಸ್ವೀಕರಿಸುತ್ತವೆ.

ಇಲ್ಲಿ ಕಠಿಣವಾದ ಆಕ್ಷೇಪವೊಂದುಂಟು. ಕಣ್ಣೆದುರು ಮರಿ ನರಳುತ್ತಿದೆ. ಕೊಳ್ಳದಿದ್ದರೆ ನಾಳೆ ಸಾಯುತ್ತದೆ. ಮುಂದಿನ ಬೇಟೆಯ ಲೆಕ್ಕ ಹಾಕುತ್ತ ಕುಳಿತರೆ ಅದು ನಿರ್ದಯೆಯಲ್ಲವೆ? ಈ ಮಾತನ್ನು ಹಗುರವಾಗಿ ತಳ್ಳಿಹಾಕುವವರು ನರಳುವ ಮರಿಯನ್ನು ನೋಡಿದವರಲ್ಲ. ಆದರೂ ಉತ್ತರ ಅದೇ: ಕೊಳ್ಳಬಾರದು. ಅಧಿಕಾರಿಗೆ ತಿಳಿಸಬೇಕು, ದೂರು ಕೊಡಬೇಕು, ಮುಟ್ಟುಗೋಲಾಗುವವರೆಗೆ ಬೆನ್ನು ಬಿಡಬಾರದು. ಹೀಗೆ ಬಂದ ಮರಿಯಿಂದ ಮಾರುವವನಿಗೆ ನಷ್ಟ. ಕೊಂಡು ತಂದ ಮರಿಯಿಂದ ಅವನಿಗೆ ಲಾಭ. ಅಧಿಕಾರಿ ಬರುವುದರೊಳಗೆ ಮರಿ ಸತ್ತರೆ ಆ ದುಃಖವನ್ನು ನುಂಗಿಕೊಳ್ಳಬೇಕು. ನೋಡುವವನ ಸಂಕಟ ಕಳೆಯಲೆಂದು, ಕಾಣದ ಕಾಡಿನಲ್ಲಿ ಇನ್ನೊಂದು ತಾಯಿಯನ್ನು ಸಾಯಿಸುವ ಅಧಿಕಾರ ಯಾರಿಗೂ ಇಲ್ಲ.

ಈ ವ್ಯಾಪಾರ ಆಫ್ರಿಕದಲ್ಲಿಯೇ ಮುಗಿಯುತ್ತದೆಯೆ? 2019ರಲ್ಲಿ ಕೋಲ್ಕತದಲ್ಲಿ ಮೂರು ಚಿಂಪಾಂಜಿಗಳನ್ನು ಜಾರಿ ನಿರ್ದೇಶನಾಲಯವು ಹಣ ಅಕ್ರಮ ವರ್ಗಾವಣೆ ತಡೆ ಕಾಯಿದೆಯ ಪ್ರಕಾರ, ಆಸ್ತಿಯನ್ನು ವಶಪಡಿಸಿಕೊಳ್ಳುವಂತೆ, ವಶಪಡಿಸಿಕೊಂಡಿತು. ಒಂದೊಂದರ ಬೆಲೆ 25 ಲಕ್ಷ ರೂಪಾಯಿ ಎಂದು ಎಣಿಕೆಯಾಯಿತು. ಅವುಗಳಿಗೆ ಅಲಿಪುರ ಮೃಗಾಲಯದಲ್ಲಿ ಆಶ್ರಯ ದೊರೆಯಿತು. ವಿದೇಶೀ ಪ್ರಾಣಿಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಹಿಡಿತಕ್ಕೆ ತರುವ ತಿದ್ದುಪಡಿಯಾದದ್ದು 2022ರಲ್ಲಿ. 25 ಲಕ್ಷ ಕೊಡಬಲ್ಲವರು ಯಾರೋ ಈ ದೇಶದಲ್ಲಿಯೂ ಇದ್ದಾರೆಂದೇ ಆ ಮೂರು ಜೀವಗಳು ಅಷ್ಟು ದೂರ ಬಂದುವು.

ದಯೆಗೆ ತಿಳಿವಳಿಕೆ ಬೇಕೆಂಬುದಕ್ಕೆ ಕಾಡಿನ ಅಧ್ಯಯನದಿಂದಲೇ ಉದಾಹರಣೆ ಕೊಡಬಹುದು. ಜೇನ್ ಗುಡಾಲ್ ಅವರು ತಮ್ಮ 26ನೆಯ ವಯಸ್ಸಿನಲ್ಲಿ, 1960ರ ಜುಲೈಯಲ್ಲಿ, ತಾಂಜಾನಿಯಾದ ಟಾಂಗನೀಕಾ ಸರೋವರದ ದಡದ ಗೊಂಬೆ ಕಾಡಿಗೆ ಬಂದರು. ಅದೇ ವರ್ಷ, ಚಿಂಪಾಂಜಿಯೊಂದು ಹುಲ್ಲುಕಡ್ಡಿಯನ್ನು ಗೆದ್ದಲು ಹುತ್ತದೊಳಗೆ ತೂರಿಸಿ, ಕಚ್ಚಿಕೊಂಡ ಗೆದ್ದಲುಗಳನ್ನು ಹೊರಗೆಳೆದು ತಿನ್ನುವುದನ್ನು ಕಂಡರು. ಉಪಕರಣ ಮಾಡುವವನು ಮನುಷ್ಯನೊಬ್ಬನೇ ಎಂಬ ಗರ್ವ ಅಲ್ಲಿಗೆ ಮುರಿಯಿತು. ಕಾಡಿನ ಚಿಂಪಾಂಜಿಗಳು ಹತ್ತಿರ ಬರಲೆಂದು ಗುಡಾಲ್ ಅವರು ಬಾಳೆಹಣ್ಣು ಕೊಡಲಾರಂಭಿಸಿದರು. ಪ್ರೀತಿಯಿಂದ ಕೊಟ್ಟ ಹಣ್ಣು! ಫಲ? ಹಣ್ಣಿನ ರಾಶಿಯ ಸುತ್ತ ಗುಂಪುಗೂಡಿದ ಪ್ರಾಣಿಗಳಲ್ಲಿ ಜಗಳ, ಕಡಿದಾಟ ಹೆಚ್ಚಿದುವು. ಹಣ್ಣು ಹಂಚುವುದನ್ನು ಮೊದಲು ಮಿತಗೊಳಿಸಿ ಬಳಿಕ ನಿಲ್ಲಿಸಬೇಕಾಯಿತು. ಮುಂದೆ ಐವರಿ ಕೋಸ್ಟಿನ ತಾಯಿ ಎಂಬ ಕಾಡಿನಲ್ಲಿ (ತಾಯಿಯೆಂಬುದು ಆ ಕಾಡಿನ ಹೆಸರು) 1999ರಿಂದ 2006ರ ನಡುವೆ ಹಲವು ಚಿಂಪಾಂಜಿಗಳು ಉಸಿರಾಟದ ರೋಗದಿಂದ ಸತ್ತುವು. ಪರೀಕ್ಷಿಸಿದಾಗ ಅದು ಮನುಷ್ಯರಿಂದ ಬಂದ ವೈರಸ್ಸೆಂದು ತಿಳಿದುಬಂತು. ಅವುಗಳನ್ನು ಪ್ರೀತಿಸಿ, ಹಿಂಬಾಲಿಸಿ, ಬರೆದಿಟ್ಟವರ ಉಸಿರೇ ಅವುಗಳಿಗೆ ವಿಷವಾಗಿತ್ತು. ಇಂದು ಸಂಶೋಧಕರು ಮುಖವಸ್ತ್ರ ಕಟ್ಟಿಕೊಂಡು, ಮೀಟರುಗಳ ಅಂತರ ಕಾಯ್ದುಕೊಂಡೇ ಕಾಡು ಹೊಗುತ್ತಾರೆ. ತನ್ನುಸಿರಿನಿಂದ ಅನ್ಯಜೀವಕ್ಕೆ ಬಾಧೆಯಾಗದಿರಲೆಂದು ಬಾಯಿಗೆ ಬಟ್ಟೆ ಕಟ್ಟುವ ಸ್ಥಾನಕವಾಸಿ ಮುನಿಗಳನ್ನು ಕಂಡು ನಗುವ ವಿದ್ಯಾವಂತರು ಇದನ್ನು ಓದಬೇಕು. ಹಾಗೆಂದು ಅಧ್ಯಯನವನ್ನೇ ಬಿಡಬೇಕೆನ್ನುವುದೂ ತಪ್ಪು. ಅದೇ ಕಾಡಿನಲ್ಲಿ ಸಂಶೋಧಕರ ಓಡಾಟವಿದ್ದ ಕಡೆಗಳಲ್ಲಿ ಬೇಟೆ ಕಡಿಮೆಯಾಗಿ ಚಿಂಪಾಂಜಿಗಳು ಹೆಚ್ಚು ಉಳಿದಿದ್ದುವು.

ಇದೆಲ್ಲ ಜೈನಾಗಮಕ್ಕೆ ಹೊಸತಲ್ಲ, ಚಿಂಪಾಂಜಿ ಸಂಜ್ಞಿ ಪಂಚೇಂದ್ರಿಯ ಜೀವವೆಂದು ಶಾಸ್ತ್ರವೇ ವರ್ಗೀಕರಿಸಬಲ್ಲದು ಎಂದು ಕೆಲ ಪಂಡಿತರು ಬೀಗುವುದುಂಟು. ಮನಸ್ಸುಳ್ಳ ಜೀವವೆಂದು ವರ್ಗ ಹೆಸರಿಸಿದರೆ ಆ ಮನಸ್ಸಿನ ಪರಿಚಯವಾದಂತಾಯಿತೆ? ಗೊಂಬೆಯಲ್ಲಿ ಫ್ಲೋ ಎಂಬ ಮುದಿ ತಾಯಿ 1972ರಲ್ಲಿ ತೀರಿಕೊಂಡಿತು. ಅದರ ಮಗ ಫ್ಲಿಂಟ್, ಎಂಟು ವರ್ಷ ದಾಟಿದ್ದ, ತಾನೇ ಆಹಾರ ಹುಡುಕಿ ತಿನ್ನಬಲ್ಲ ಪ್ರಾಣಿ. ಅದು ಊಟ ಬಿಟ್ಟು ಕುಗ್ಗಿ ಒಂದು ತಿಂಗಳೊಳಗೆ ಸತ್ತಿತು. ವರ್ಷಾನುಗಟ್ಟಲೆ ಮಳೆಯಲ್ಲಿ ಕುಳಿತು ನೋಡಿದವರಿದ್ದುದರಿಂದ ಲೋಕಕ್ಕೆ ಇದು ತಿಳಿಯಿತು. ಗುಡಾಲ್ ಅವರು 2025ರ ಅಕ್ಟೋಬರ್ 1ರಂದು, 91ನೆಯ ವಯಸ್ಸಿನಲ್ಲಿ, ಉಪನ್ಯಾಸದ ಪ್ರವಾಸದಲ್ಲಿದ್ದಾಗಲೇ ನಿಧನರಾದರು. ಅವರು ಮಾಂಸಾಹಾರ ತ್ಯಜಿಸಿದವರು. ಚಿಂಪಾಂಜಿಗಳು ಕೋತಿಗಳನ್ನು ಬೇಟೆಯಾಡಿ ತಿನ್ನುತ್ತವೆಂದು ಮೊದಲು ಕಂಡವರೂ ಅವರೇ. ಅದರಿಂದ ಅವರ ದಯೆ ಕಡಿಮೆಯಾಗಲಿಲ್ಲ. ಮಾಂಸ ತಿನ್ನುವ ಮೃಗಕ್ಕೆ ಶ್ರಾವಕನ ದಾನವೇಕೆಂದು ಕೇಳುವವರು ಇದನ್ನು ನೆನೆಯಲಿ.

ಇನ್ನು ಬಿಡಿಸಿದ ಬಳಿಕದ ಮಾತು. ಚಿಂಪಾಂಜಿ ಕಾಡಿನಲ್ಲಿ 40ರಿಂದ 50 ವರ್ಷ, ಮನುಷ್ಯರ ಆರೈಕೆಯಲ್ಲಿ ಅದಕ್ಕಿಂತ ಹೆಚ್ಚು ಬಾಳಬಲ್ಲದು. ಮನುಷ್ಯರ ನಡುವೆ ಬೆಳೆದ ಮರಿಗೆ ಕಾಡಿನ ವಿದ್ಯೆ ಬಾರದು. ಯಾವ ಹಣ್ಣು ಯಾವಾಗ, ಯಾವ ಕಲ್ಲಿನಿಂದ ಯಾವ ಕಾಯಿ ಒಡೆಯಬೇಕು ಎಂಬುದನ್ನೆಲ್ಲ ಅದು ತಾಯಿಯ ಬಳಿ ವರ್ಷಗಳ ಕಾಲ ನೋಡಿ ಕಲಿಯಬೇಕು; ಆ ತಾಯಿಯೇ ಇಲ್ಲ. ಅಲ್ಲದೆ ಪರಗುಂಪಿನ ಗಂಡುಗಳು ಹೊಸಬನನ್ನು ಕೊಂದುಬಿಡುತ್ತವೆ. ಆದ್ದರಿಂದ ಹೆಚ್ಚಿನವು ಧಾಮದಲ್ಲಿಯೇ ಮುದಿಯಾಗಬೇಕು. ಅದೂ ಬಂಧನವೇ ಅಲ್ಲವೆ ಎಂದರೆ, ಹೌದು, ಬಂಧನವೇ. ಅದಕ್ಕಾಗಿಯೇ ಒಳ್ಳೆಯ ಧಾಮಗಳು ಹೆಣ್ಣುಗಳಿಗೆ ಸಂತಾನ ನಿಯಂತ್ರಣದ ಔಷಧ ಕೊಟ್ಟು, ಬಂಧನದಲ್ಲಿ ಹೊಸ ಜನ್ಮವಾಗದಂತೆ ನೋಡಿಕೊಳ್ಳುತ್ತವೆ. ಟಾಕುಗಾಮಾದಲ್ಲಿ 2006ರಲ್ಲಿ 31 ಚಿಂಪಾಂಜಿಗಳು ಬೇಲಿ ದಾಟಿ ಹೊರಬಂದಾಗ ಒಬ್ಬ ವಾಹನ ಚಾಲಕ ಪ್ರಾಣ ಕಳೆದುಕೊಂಡ. ಹೆಚ್ಚಿನವು ಮರಳಿದುವು, ಬ್ರೂನೋ ಮರಳಲಿಲ್ಲ. 20 ಡಾಲರಿನ ಮರಿ ಎಷ್ಟು ವರ್ಷದ, ಎಂಥ ಹೊಣೆಯನ್ನು ತಂದಿತೆಂಬುದನ್ನು ಅಮರಶೇಖರನ್ ಅವರಷ್ಟು ಬಲ್ಲವರು ವಿರಳ.

ಹೊಣೆಯನ್ನು ಕೈಬಿಟ್ಟವರ ಕಥೆ ಲೈಬೀರಿಯದ್ದು. ನ್ಯೂಯಾರ್ಕಿನ ರಕ್ತಕೇಂದ್ರವೊಂದು 1974ರಲ್ಲಿ ಆ ದೇಶದಲ್ಲಿ ಪ್ರಯೋಗಾಲಯ ತೆರೆದು, ಚಿಂಪಾಂಜಿಗಳಿಗೆ ಕಾಮಾಲೆಯ ವೈರಸ್ಸನ್ನು ಸೋಂಕಿಸಿ ಪ್ರಯೋಗ ನಡೆಸಿತು. ಇಂದು ಭಾರತದಲ್ಲಿ ಹುಟ್ಟಿದ ಮಗುವಿಗೆ ಮೊದಲ ದಿನವೇ ಕೊಡುವ ಹೆಪಟೈಟಿಸ್ ಬಿ ಲಸಿಕೆಯ ಆದಿರೂಪಗಳು ಮನುಷ್ಯನನ್ನು ತಲುಪುವ ಮುನ್ನ ಚಿಂಪಾಂಜಿಗಳ ಮೈಯಲ್ಲಿಯೇ ಪರೀಕ್ಷಿತವಾದುವು. ಪ್ರಯೋಗಗಳು ನಿಂತ ಮೇಲೆ ಲೈಬೀರಿಯದ ಆ ಪ್ರಾಣಿಗಳನ್ನು ನದಿಯ ದ್ವೀಪಗಳಿಗೆ ಸಾಗಿಸಲಾಯಿತು. ಅಲ್ಲಿ ಸಾಕಷ್ಟು ಆಹಾರವಿಲ್ಲ, ಕುಡಿಯುವ ನೀರಿಲ್ಲ. ಎಲ್ಲವೂ ದೋಣಿಯಲ್ಲಿ ಬರಬೇಕು. 2015ರಲ್ಲಿ ಕೇಂದ್ರವು ಹಣ ಕೊಡುವುದನ್ನು ನಿಲ್ಲಿಸಿತು. ತನಗೆ ಯಾವ ಬಾಧ್ಯತೆಯೂ ಇಲ್ಲವೆಂದಿತು. 66 ಚಿಂಪಾಂಜಿಗಳು ದಡದಲ್ಲಿ ನಿಂತು ದೋಣಿಯ ದಾರಿ ಕಾದುವು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧನ, ಕೊನೆಯದು ಅನ್ನಪಾನ ನಿರೋಧ. ಎರಡನ್ನೂ ಒಟ್ಟಿಗೆ ನೋಡಬೇಕಾದವರು ಆ ದ್ವೀಪಗಳನ್ನು ನೋಡಬಹುದಿತ್ತು.

ಆ ಕೇಂದ್ರವನ್ನು ಬೈಯುವುದು ಸುಲಭ. ಆದರೆ ಬಿಡಿಸಿದ ಕುರಿಯನ್ನು ಗೋಶಾಲೆಯ ಬಾಗಿಲಲ್ಲಿ ಇಳಿಸಿ, ಛಾಯಾಚಿತ್ರ ತೆಗೆಸಿ, ರಶೀದಿ ಪಡೆದು ಬರುವ ಟ್ರಸ್ಟುಗಳು ಮುಂದಿನ ಬೇಸಗೆಯಲ್ಲಿ ಅದಕ್ಕೆ ಮೇವಿತ್ತೇ ಎಂದು ಕೇಳಿವೆಯೆ? ತೊಂಬತ್ತರ ದಶಕದ ಆರಂಭದಿಂದಲೇ ದೇಶೀ ಕಾಡುಹಕ್ಕಿಗಳ ಮಾರಾಟ ಭಾರತದಲ್ಲಿ ನಿಷಿದ್ಧ. ಹಾಗಿದ್ದೂ ಹಾರಿಬಿಡಲೆಂದು ಕೊಳ್ಳುವವರಿರುವ ಕಾರಣದಿಂದಲೇ ಹಕ್ಕಿ ಹಿಡಿಯುವವನು ಬಲೆ ಬೀಸುತ್ತಾನೆ. ಇವೆರಡೂ ಟಾಕುಗಾಮಾದವರು ಕಲಿತ ಪಾಠಕ್ಕೆ ವಿರುದ್ಧವಾದುವು. ಜೀವದಯಾ ನಿಧಿಯಿಂದ ಪ್ರಾಣಿ ಖರೀದಿಗೆ ಒಂದು ಪೈಸೆಯೂ ಹೋಗಕೂಡದೆಂದು ಆಡಳಿತ ಮಂಡಳಿಗಳು ನಿರ್ಣಯ ಮಾಡಬೇಕು. ಸ್ವೀಕರಿಸಿದ ಪ್ರತಿ ಪ್ರಾಣಿಯ ಆಯುಷ್ಯಪೂರ್ತಿ ಪೋಷಣೆಗೆ ಠೇವಣಿ ಇಡದೆ ಯಾವುದನ್ನೂ ಸ್ವೀಕರಿಸಬಾರದು. ಕಾಡಿನಲ್ಲಿ ಕುಳಿತು ಪ್ರಾಣಿಗಳನ್ನು ಅಭ್ಯಸಿಸುವ ತರುಣರಿಗೆ ವಿದ್ಯಾರ್ಥಿವೇತನ ಕೊಡುವುದು ಪಂಚಕಲ್ಯಾಣದ ಒಂದು ದಿನದ ಖರ್ಚಿಗಿಂತ ಹೆಚ್ಚೇನೂ ಆಗದು.

ಲೈಬೀರಿಯದ ದ್ವೀಪಗಳಿಗೆ ದೋಣಿ ನಿಲ್ಲಲಿಲ್ಲ. ಅಂತರ್ಯುದ್ಧದ ಕಾಲದಲ್ಲಿಯೂ ಆ ಪ್ರಾಣಿಗಳನ್ನು ಬಿಟ್ಟುಹೋಗದೆ ಇದ್ದ ಸ್ಥಳೀಯ ಕೆಲಸಗಾರರು ಹಣ ಬಾರದಿದ್ದರೂ ಕೈಲಾದಷ್ಟು ಆಹಾರ ಒಯ್ದರು. ಪ್ರಾಣಿದಯಾ ಸಂಸ್ಥೆಗಳು ಬೇಗನೆ ನೆರವಿಗೆ ಬಂದುವು. ಸಾರ್ವಜನಿಕರ ಒತ್ತಾಯಕ್ಕೆ ಮಣಿದು 2017ರಲ್ಲಿ ರಕ್ತಕೇಂದ್ರವು ಅವುಗಳ ಪೋಷಣೆಗೆ 60 ಲಕ್ಷ ಡಾಲರು ಕೊಡಲೊಪ್ಪಿತು. ಹಣ್ಣು ತುಂಬಿದ ದೋಣಿ ಈಗಲೂ ಆ ದ್ವೀಪಗಳಿಗೆ ಹೋಗುತ್ತದೆ.