ಮೊದಲು ಗರಿಕೆ, ಆಮೇಲೆ ಆಮೆ

ನಮ್ಮ ಫೀನಿಕ್ಸ್ ಕಡೆ ನಾಲ್ಕು ಜನ ಕನ್ನಡದವರು ಊಟಕ್ಕೆ ಸೇರಿದ್ರೆ, ಐಟಿ, ಗ್ರೀನ್ ಕಾರ್ಡು, ಮಕ್ಕಳ ಕಾಲೇಜು ಎಲ್ಲಾ ಮುಗಿದ ಮೇಲೆ ಮಾತು ಸಾಕುಪ್ರಾಣಿಗಳ ಕಡೆ ತಿರುಗುತ್ತೆ. ಮಕ್ಕಳಿಗೆ ನಾಯಿ ಬೇಕು. ನಾಯಿ ಬೇಡ ಅಂದ್ರೆ ಬೆಕ್ಕು. ಬೆಕ್ಕಿನ ಕೂದಲು ಅಲರ್ಜಿ ಅಂದ್ರೆ... ಆಮೆ! ಬೊಗಳಲ್ಲ, ಸೋಫಾ ಹರಿಯಲ್ಲ, ವಾಕಿಂಗ್ ಕರ್ಕೊಂಡು ಹೋಗೋ ಗೋಜಿಲ್ಲ. 'ಒಂದು ಹಿಡಿ ಸೊಪ್ಪು ಹಾಕಿದ್ರೆ ಆಯ್ತಪ್ಪ' ಅನ್ನೋದು ಎಲ್ಲರ ಧೈರ್ಯ.

ನನ್ನ ತಕರಾರು ಇರೋದೇ ಆ 'ಒಂದು ಹಿಡಿ ಸೊಪ್ಪಿನ' ಬಗ್ಗೆ. ಯಾವ ಸೊಪ್ಪು? ಎಲ್ಲಿಂದ ಬಂದ ಸೊಪ್ಪು? ನಾವೂ ಒಂದು ಆಮೆ ಸಾಕಿದ್ದೇವೆ, ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ: ಆಮೆಯ ಮೇವನ್ನ ಹಿತ್ತಲಲ್ಲಿ ಬೆಳೆಯೋಕೆ ತಯಾರಿಲ್ಲದೋರು ಆಮೆಯನ್ನ ಮನೆಗೆ ತರಬಾರದು. ಇದು ಸ್ವಲ್ಪ ಖಾರದ ಮಾತು, ಗೊತ್ತು. ಪೂರ್ತಿ ಓದಿ, ಆಮೇಲೆ ಬೈಯಿರಿ.

ನಾನು ಹೇಳ್ತಿರೋದು ಇಲ್ಲಿನ ಸೊನೋರನ್ ಮರುಭೂಮಿ ಆಮೆಯ ವಿಷಯ. 2011ರವರೆಗೆ ಇದನ್ನೂ ಕ್ಯಾಲಿಫೋರ್ನಿಯಾ, ನೆವಾಡ ಕಡೆಯ ಮೊಹಾವಿ ಆಮೆಯನ್ನೂ ಒಂದೇ ಜಾತಿ ಅಂತ ಎಣಿಸ್ತಿದ್ರು, ಆ ವರ್ಷ ವಿಜ್ಞಾನಿಗಳು ಬೇರೆ ಮಾಡಿದ್ರು. ಕಾಡಿಂದ ಹಿಡಿದು ತರೋ ಹಾಗಿಲ್ಲ, ಸಾಕಿದ ಮೇಲೆ ಮರಿ ಮಾಡಿಸೋ ಹಾಗಿಲ್ಲ, ಸಾಕಾಯ್ತು ಅಂತ ಕಾಡಿಗೆ ಬಿಡೋ ಹಾಗಂತೂ ಇಲ್ಲವೇ ಇಲ್ಲ. ಸಾಕಿದ ಆಮೆಯ ಶ್ವಾಸರೋಗ ಕಾಡಿನ ಆಮೆಗಳಿಗೆ ಹರಡುತ್ತೆ ಅನ್ನೋದು ಕಾರಣ. ಅರಿಜೋನಾದ ಗೇಮ್ ಅಂಡ್ ಫಿಶ್ ಇಲಾಖೆಯವರು, ಯಾರೋ ಸಾಕಿ ಬಿಟ್ಟುಕೊಟ್ಟ ಆಮೆಗಳನ್ನ ದತ್ತು ಕೊಡ್ತಾರೆ. ದತ್ತು ಅನ್ನೋ ಮಾತು ಸುಮ್ಮನೆ ಬಂದಿಲ್ಲ. ಇದು ಐವತ್ತರಿಂದ ಎಂಬತ್ತು ವರ್ಷ ಬದುಕೋ ಪ್ರಾಣಿ. ನೀವು ನಲವತ್ತಕ್ಕೆ ತಂದ್ರೆ ನಿಮ್ಮ ತಿಥಿ ನೋಡಿ ಹೋಗೋ ಸಾಧ್ಯತೆ ಇದೆ ಸ್ವಾಮಿ!

ಈಗ ಊಟದ ವಿಷಯಕ್ಕೆ ಬರೋಣ. ನಮ್ಮವರಿಗೆ ಪ್ರೀತಿ ತೋರಿಸೋಕೆ ಗೊತ್ತಿರೋ ದಾರಿ ಒಂದೇ, ಬಡಿಸೋದು. ಆಮೆಗೂ ಅದೇ ಉಪಚಾರ: ಪಾಲಕ್, ದಂಟು, ಬಸಳೆ, ಮೇಲೊಂದು ತುಂಡು ಬಾಳೆಹಣ್ಣು. ನಮಗೆ ಒಳ್ಳೇದಾದ ಈ ಸೊಪ್ಪುಗಳಲ್ಲಿ ಆಕ್ಸಲೇಟ್ ಜಾಸ್ತಿ. ಅದು ಕ್ಯಾಲ್ಸಿಯಂ ಅನ್ನ ಕಟ್ಟಿಹಾಕಿ ಮೈಗೆ ಸೇರದ ಹಾಗೆ ಮಾಡುತ್ತೆ. ಬೆನ್ನ ಮೇಲೆ ಮೂಳೆಯ ಮನೆಯನ್ನೇ ಹೊತ್ತು ತಿರುಗೋ ಪ್ರಾಣಿಗೆ ಕ್ಯಾಲ್ಸಿಯಂ ಕಮ್ಮಿ ಆದ್ರೆ ಏನಾಗುತ್ತೆ ಹೇಳಿ? ಚಿಪ್ಪು ಮೆತ್ತಗಾಗುತ್ತೆ, ಕಾಲು ಸೊಟ್ಟಗಾಗುತ್ತೆ. ಇನ್ನು ಐಸ್‌ಬರ್ಗ್ ಲೆಟ್ಯೂಸ್ ಅಂದ್ರೆ ಎಲೆಯ ರೂಪದಲ್ಲಿರೋ ನೀರು, ಅಷ್ಟೇ. ಹಣ್ಣಿನ ಸಕ್ಕರೆ, ನಾಯಿಯ ಬಿಸ್ಕತ್ತು ಇವೆಲ್ಲ ಅದರ ಹೊಟ್ಟೆಗೆ ಹೇಳಿ ಮಾಡಿಸಿದ್ದಲ್ಲ. ಒಣ ಹುಲ್ಲು, ನಾರು ತಿಂದು ದೊಡ್ಡ ಕರುಳಿನಲ್ಲಿ ನಿಧಾನವಾಗಿ ಹುದುಗಿಸಿ ಜೀರ್ಣ ಮಾಡ್ಕೊಳ್ಳೋ ಹೊಟ್ಟೆ ಅದು.

ಅಂಗಡಿ ಸೊಪ್ಪೆಲ್ಲಾ ವಿಷ ಅಂತ ನಾನು ಹೇಳ್ತಿಲ್ಲ. ಎಂಡೈವ್, ಕೊಲಾರ್ಡ್, ಸಾಸಿವೆ ಸೊಪ್ಪು ಆಗೊಮ್ಮೆ ಈಗೊಮ್ಮೆ ಹಾಕಿದ್ರೆ ತೊಂದರೆ ಏನಿಲ್ಲ. ಆದರೆ ಅದು ಹಬ್ಬದ ಊಟ, ದಿನದ ಅನ್ನ ಅಲ್ಲ.

ದಿನದ ಅನ್ನ ಯಾವುದು ಗೊತ್ತಾ? ಗರಿಕೆ! ಇಲ್ಲಿ ಬರ್ಮುಡಾ ಗ್ರಾಸ್ ಅಂತ ಚೀಲದಲ್ಲಿ ಬೀಜ ಮಾರ್ತಾರಲ್ಲ, ಅದು ನಾವು ಗಣಪನಿಗೆ ಇಪ್ಪತ್ತೊಂದು ಎಣಿಸಿ ಏರಿಸೋ ಗರಿಕೆನೇ, ಬೇರೆ ಹುಲ್ಲಲ್ಲ. ಚೌತಿ ಹೊತ್ತಿಗೆ ಇಲ್ಲಿ ಗರಿಕೆ ಸಿಗಲ್ಲ ಅಂತ ಒದ್ದಾಡೋರಿಗೆ ನಾನು ಹೇಳೋದು, ನಿಮ್ಮ ಪಕ್ಕದ ಮನೆ ಲಾನ್ ನೋಡಿ ಅಂತ (ಔಷಧಿ ಹೊಡೆದಿದ್ದಾರಾ ಕೇಳ್ಕೊಳ್ಳಿ). ಇದರ ಜೊತೆಗೆ ಇಲ್ಲಿನದೇ ಗ್ಲೋಬ್ ಮ್ಯಾಲೋ, ದಾಸವಾಳದ ಕುಟುಂಬದ ಗಿಡ, ಕಿತ್ತಳೆ ಬಣ್ಣದ ಪುಟ್ಟ ಹೂವು. ಎಲೆ, ಹೂವು ಎರಡನ್ನೂ ಆಮೆ ಇಷ್ಟಪಟ್ಟು ತಿನ್ನುತ್ತೆ. ಕೊಯ್ದ ಕೈಯಲ್ಲಿ ಕಣ್ಣು ಮಾತ್ರ ಉಜ್ಜಬೇಡಿ, ಅದರ ರೋಮ ತಾಗಿದ್ರೆ ಉರಿ. ದಾಸವಾಳದ ಎಲೆ, ಹೂವು ಸರಿ. ರಾಮನಗರದಲ್ಲಿ ರೇಷ್ಮೆ ಹುಳು ತಿನ್ನೋ ಹಿಪ್ಪುನೇರಳೆ ಸೊಪ್ಪೂ ಸರಿ. ಪಾಪಸ್ ಕಳ್ಳಿಯ ಎಳೆ ಹಾಳೆ ಮುಳ್ಳು ತೆಗೆದು ಹಾಕಿದ್ರೆ ಪರಮಾನ್ನ.

'ಇಷ್ಟೆಲ್ಲಾ ಯಾಕೆ, ಲೆಟ್ಯೂಸನ್ನೇ ಕುಂಡದಲ್ಲಿ ಬೆಳೆಯಬಾರದಾ' ಅಂದ್ರೆ, ಇಲ್ಲೊಂದು ತಮಾಷೆ ಇದೆ. ಫೀನಿಕ್ಸಿನಲ್ಲಿ ಸೊಪ್ಪು ಬೆಳೆಯೋ ಕಾಲ ಅಂದ್ರೆ ಅಕ್ಟೋಬರಿನಿಂದ ಏಪ್ರಿಲ್. ಆಮೆ ಮಲಗೋದೂ ಸುಮಾರು ಅದೇ ಹೊತ್ತಿಗೆ! ಚಳಿ ಶುರುವಾದ್ರೆ ಬಿಲ ಸೇರಿ, ಮಾರ್ಚ್ ಹೊತ್ತಿಗೆ ಎದ್ದು ಬರುತ್ತೆ. ಅದು ಚುರುಕಾಗಿ ತಿನ್ನೋದು ಜುಲೈನಿಂದ ಸೆಪ್ಟೆಂಬರಿನ ಮಾನ್ಸೂನಿನಲ್ಲಿ. ಆಗ ಕುಂಡದಲ್ಲಿ ಲೆಟ್ಯೂಸ್ ಬದುಕುತ್ತಾ? 2023ರಲ್ಲಿ ಇಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಲೆಟ್ಯೂಸ್ ಇರಲಿ, ಮನುಷ್ಯರೇ ಬಾಡಿಹೋಗಿದ್ವಿ. ಆ ಬಿಸಿಲಲ್ಲೂ ಸ್ವಲ್ಪ ನೀರು ಕಂಡ್ರೆ ಚಿಗುರೋದು ಗರಿಕೆ. ಅಂದ್ರೆ ಆಮೆ ಏಳೋ ಹೊತ್ತಿಗೆ ಗ್ಲೋಬ್ ಮ್ಯಾಲೋ ಹೂಬಿಡುತ್ತೆ, ಆಮೆ ಹಸಿದಿರೋ ಹೊತ್ತಿಗೆ ಗರಿಕೆ ಹಬ್ಬುತ್ತೆ, ಆಮೆ ಮಲಗಿದ ಮೇಲೆ ಗರಿಕೆಯೂ ಒಣಗಿ ಮಲಗುತ್ತೆ. ಸೂಪರ್ ಮಾರ್ಕೆಟ್ಟಿನ ಕ್ಯಾಲೆಂಡರಿಗೆ ಈ ಲೆಕ್ಕ ಗೊತ್ತಿಲ್ಲ.

ಇದಕ್ಕೆ ಬರೋ ಒಂದು ಆಕ್ಷೇಪಣೆಯನ್ನ ನಾನು ತಳ್ಳಿಹಾಕೋದಿಲ್ಲ: ಮರುಭೂಮಿಯಲ್ಲಿ ಹುಲ್ಲಿಗೆ ನೀರು ಹಾಕೋದು ಪಾಪ ಅಲ್ವೆ? ಹೌದು. 2021ರ ಆಗಸ್ಟಿನಲ್ಲಿ ಕೊಲೊರಾಡೊ ನದಿಗೆ ಮೊಟ್ಟಮೊದಲ ಸಲ ಅಧಿಕೃತವಾಗಿ ನೀರಿನ ಕೊರತೆ ಘೋಷಣೆ ಆಯ್ತು, ಅದರ ದೊಡ್ಡ ಪೆಟ್ಟು ತಿಂದಿದ್ದು ಅರಿಜೋನಾದ ರೈತರು. ಹಾಗಾಗಿ ಗಾಲ್ಫ್ ಕೋರ್ಸಿನ ಥರ ಲಾನ್ ಮಾಡಿ ಅಂತ ನಾನು ಹೇಳ್ತಿಲ್ಲ. ಒಂದು ಚಾಪೆ, ಹೆಚ್ಚೆಂದ್ರೆ ಎರಡು ಚಾಪೆಯಷ್ಟು ಜಾಗದಲ್ಲಿ ಗರಿಕೆ. ಮಿಕ್ಕಿದ್ದೆಲ್ಲ ಇಲ್ಲಿನ ಮಣ್ಣಿನ ಗಿಡಗಳು, ಬೇರು ಹಿಡಿದ ಮೇಲೆ ಹೆಚ್ಚು ನೀರು ಕೇಳೋದಿಲ್ಲ. ದೂರದ ಗದ್ದೆಯಲ್ಲಿ ನೀರು ಹಾಯಿಸಿ, ತಣ್ಣಗಿನ ಲಾರಿಯಲ್ಲಿ ತಂದು, ಪ್ಲಾಸ್ಟಿಕ್ ಡಬ್ಬಿಗೆ ತುಂಬಿದ ಸೊಪ್ಪಿಗೂ ನೀರು ಖರ್ಚಾಗಿರುತ್ತೆ, ಅದು ನಮ್ಮ ಬಿಲ್ಲಿನಲ್ಲಿ ಕಾಣಲ್ಲ ಅಷ್ಟೇ.

ಇನ್ನೊಂದು ಮಾತು ನಮ್ಮ ಜನಕ್ಕೇ ಸಂಬಂಧಪಟ್ಟಿದ್ದು. ಮಕ್ಕಳಿಗೆ ರಜ ಬಂತು ಅಂದ್ರೆ ನಾವು ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹಾರ್ತೀವಿ, ಐದು ವಾರ ಆರು ವಾರ. ಅದು ಸರಿಯಾಗಿ ಆಮೆಯ ಊಟದ ಕಾಲ. ಆಗ ಯಾರು ದಿನಾ ಸೊಪ್ಪು ತಂದು, ತೊಳೆದು, ಹೆಚ್ಚಿ ಹಾಕ್ತಾರೆ? ಮೊದಲ ವಾರ ಸ್ನೇಹಿತರು ಬರ್ತಾರೆ, ಮೂರನೇ ವಾರ ಅವರ ಫೋನೂ ಬರಲ್ಲ. ನಮ್ಮ ಮನೇಲಿ ಪಕ್ಕದ ಮನೆಯವರು ಬಂದು ನೀರಿನ ತಟ್ಟೆ ತುಂಬಿಸಿ, ಆಮೆ ಮಗುಚಿ ಬಿದ್ದಿಲ್ಲ ಅಂತ ನೋಡಿ ಹೋದ್ರೆ ಸಾಕು. ಬೆಳಿಗ್ಗೆ ಬಿಲದಿಂದ ಬಂದು ತಾನೇ ಮೇದು, ಬಿಸಿಲೇರೋ ಮೊದಲು ವಾಪಸ್ ಹೋಗುತ್ತೆ. ಬಿಸಿಲು ಬಿದ್ದ ಮೈ ವಿಟಮಿನ್ ಡಿ ತಾನೇ ಮಾಡ್ಕೊಳ್ಳುತ್ತೆ. ಕಿಟಕಿಯ ಗಾಜಿನ ಹಿಂದೆ ಇಟ್ಟರೆ ಅದೂ ಆಗಲ್ಲ, ಅದಕ್ಕೆ ಬೇಕಾದ ಕಿರಣವನ್ನ ಗಾಜು ತಡೆದುಬಿಡುತ್ತೆ.

ಬೆಳೆಯೋದು ಅಂದ ಮೇಲೆ ಎರಡು ಎಚ್ಚರಿಕೆ. ನರ್ಸರಿಯಿಂದ ಗಿಡ ತಂದು ಹಾಗೇ ನೆಡಬೇಡಿ; ಕೆಲವಕ್ಕೆ ಬೇರಿನಿಂದ ಎಲೆಗೆ ಏರೋ ಕೀಟನಾಶಕ ಹಾಕಿರ್ತಾರೆ, ತಿಂಗಳುಗಟ್ಟಲೆ ಉಳಿಯುತ್ತೆ. ಬೀಜದಿಂದ ಬೆಳೆಸೋದೇ ಕ್ಷೇಮ. ಎರಡನೇದು ಕಣಗಿಲೆ. ಈ ಊರಿನಲ್ಲಿ ಕಾಂಪೌಂಡಿಗೆಲ್ಲ ಕಣಗಿಲೆಯದೇ ಬೇಲಿ. ದೇವರ ತಲೆ ಮೇಲೆ ಕೂರೋ ಹೂವು, ಆಮೆಯ ಹೊಟ್ಟೆಗೆ ವಿಷ. ಪಕ್ಕದ ಮನೆಯಿಂದ ಉದುರಿದ ಎಲೆಯೂ ಬೇಡ.

ಕರ್ನಾಟಕದಲ್ಲಿ ಕೂತು ಇದನ್ನ ಓದಿ 'ನಾವೂ ಒಂದು ನಕ್ಷತ್ರ ಆಮೆ ತರೋಣ' ಅಂದ್ಕೊಂಡ್ರೆ, ದಯವಿಟ್ಟು ಬೇಡ. ಅದು ಕಾನೂನಿಗೆ ವಿರುದ್ಧ. 2019ರಲ್ಲಿ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೇ ಅದನ್ನ ಸೇರಿಸಿದ್ದು ಕಳ್ಳಸಾಗಣೆ ಅಷ್ಟು ವಿಪರೀತ ಆಗಿತ್ತು ಅಂತ. ಅದೃಷ್ಟಕ್ಕೆ ಆಮೆ ಅಂತ ನಂಬಿದೋರ ಮನೆ ಸೇರಿದ ಆಮೆಯ ಅದೃಷ್ಟ ಮಾತ್ರ ಅಲ್ಲಿಗೆ ಮುಗೀತು.

ಆಮೆ ದತ್ತು ತಗೊಂಡೋರು ವಾಪಸ್ ಕೊಡೋದು ಯಾಕೆ? ಕೆಟ್ಟವರು ಅಂತಲ್ಲ. ಮಗು ಕಾಲೇಜಿಗೆ ಹೋಯ್ತು, ಕೆಲಸ ಬದಲಾಯ್ತು, ದಿನಾ ಸೊಪ್ಪು ಹೆಚ್ಚೋ ಉತ್ಸಾಹ ಇಳೀತು. ಉತ್ಸಾಹಕ್ಕೆ ಎಂಬತ್ತು ವರ್ಷದ ಆಯಸ್ಸಿಲ್ಲ, ಬೇರಿಗಿದೆ. ಅದಕ್ಕೇ ಹೇಳೋದು, ಮೊದಲು ಗರಿಕೆ, ಆಮೇಲೆ ಆಮೆ. ಮೇ ತಿಂಗಳ ಬಿಸಿಲಿಗೆ ಬೀಜ ಚೆಲ್ಲಿ, ಒಂದು ಮಳೆಗಾಲ, ಒಂದು ಚಳಿಗಾಲ ಕಾಯಿರಿ. ಮುಂದಿನ ವರ್ಷವೂ ನಿಮ್ಮ ಮಕ್ಕಳು ಆ ಹಸಿರಿಗೆ ನೀರು ಹಾಕ್ತಾ ಇದ್ರೆ ಧೈರ್ಯವಾಗಿ ಅರ್ಜಿ ಹಾಕಿ. ಹಾಕ್ತಿಲ್ಲವಾ? ಬೇಜಾರೇನಿಲ್ಲ, ಒಂದು ಜೀವ ಉಳೀತು, ಚೌತಿಗೆ ಗರಿಕೆಯಂತೂ ಸಿಕ್ಕಿತು. ಏನಂತೀರಿ?